ವ್ಯಾಕರಣವೂ ನೆರೆಹೊರೆಯೂ

ವ್ಯಾಕರಣವೆಂಬ ಹೆಸರನ್ನು ಕೇಳಿದೊಡನೆಯೇ ವಿದ್ಯಾರ್ಥಿಗಳ ಮುಖ ಬಾಡುವುದು ಎಲ್ಲರೂ ಬಲ್ಲ ಸಂಗತಿ. ಸಂಧಿ, ಸಮಾಸ, ವಿಭಕ್ತಿಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನವೇ ಮರೆತುಬಿಡುವುದು ವಾಡಿಕೆಯಾಗಿದೆ. ಹೀಗಿರುವಾಗ ‘ತಾಯಿಗೆ ಕಾಗದ ಬರೆಯುವುದಕ್ಕೆ, ಗೆಳೆಯನಿಗೆ ಮೊಬೈಲಿನಲ್ಲಿ ನಾಲ್ಕು ಸಾಲು ಕಳುಹಿಸುವುದಕ್ಕೆ, ಅಂಗಡಿಯವನಿಗೆ ಚೀಟಿ ಕೊಡುವುದಕ್ಕೆ ಕೇಶಿರಾಜನ ಅಪ್ಪಣೆ ಬೇಕೆ?’ ಎಂದು ಒಬ್ಬ ಹುಡುಗನು ಕೇಳಿದರೆ, ಅದನ್ನು ಉದ್ಧಟತನವೆಂದು ತಳ್ಳಿಹಾಕಲಾಗದು. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಹೇಳುವ ಹೊಣೆ ಕಲಿಸುವವರ ಮೇಲಿದೆ. ಜಳಕೋಟ, ಉದಗೀರ, ನಿಲಂಗಾ, ಉಮರ್ಗಾಗಳಂತಹ ಸೀಮೆಯಲ್ಲಿ, ಒಂದೇ ಓಣಿಯಲ್ಲಿ ಎರಡು ಮೂರು ಭಾಷೆಗಳು ಕೇಳಿಬರುವಲ್ಲಿ, ಈ ಹೊಣೆ ಇನ್ನಷ್ಟು ಭಾರವಾದುದು.

ಉತ್ತರವನ್ನು ಹುಡುಕುವ ಮುನ್ನ ಕನ್ನಡಿಗರ ದಿನಬಳಕೆಯ ಒಂದು ಮಾತನ್ನು ಗಮನಿಸೋಣ. ಇಬ್ಬರು ಜಗಳವಾಡಿದರೆಂದು ಇಟ್ಟುಕೊಳ್ಳೋಣ. ಪಂಚರ ಮುಂದೆ ಬಂದವನು ತನ್ನ ದೂರನ್ನು ಹೇಗೆ ಹೇಳುತ್ತಾನೆ? ‘ಅವನು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ’ ಎನ್ನುತ್ತಾನೆ. ಹೀಗೆ ಹೇಳುವವನು ಎಂದೂ ವ್ಯಾಕರಣದ ಪುಸ್ತಕ ತೆರೆದಿರಬೇಕಾಗಿಲ್ಲ. ಆದರೂ ತನಗಾದ ಅವಮಾನವನ್ನು ಹೆಸರಿಸಲು ಅವನಿಗೆ ಒದಗಿದುದು ವ್ಯಾಕರಣದ ಪಾರಿಭಾಷಿಕ ಪದ. ಬೈಗುಳಕ್ಕಿಂತ ಹೆಚ್ಚಾಗಿ ಕ್ರಿಯಾಪದದ ಕೊನೆಯಲ್ಲಿ ಬಂದ ಒಂದು ಪ್ರತ್ಯಯ ಅವನನ್ನು ನೋಯಿಸಿದೆ. ಮನುಷ್ಯ ಸಂಬಂಧಕ್ಕೂ ವ್ಯಾಕರಣಕ್ಕೂ ನಂಟುಂಟೇ ಎಂದು ಕೇಳುವವರಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾಗಲಾರದು.

ಇನ್ನು ‘ವ್ಯಾಕರಣ’ ಎಂಬ ಶಬ್ದಕ್ಕೆ ಬರೋಣ. ಬಿಡಿಸಿ ತೋರಿಸುವುದು ಎಂಬುದೇ ಅದರ ಮೂಲಾರ್ಥ. ದಂಡಿಸುವುದು, ಹೀಯಾಳಿಸುವುದು ಎಂಬ ಅರ್ಥ ಅದರಲ್ಲೆಲ್ಲಿಯೂ ಇಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿದ್ದ ಪತಂಜಲಿಯು ತನ್ನ ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣಕ್ಕೆ ಐದು ಪ್ರಯೋಜನಗಳನ್ನು ಹೇಳಿದ್ದಾನೆ: ರಕ್ಷೆ, ಊಹ, ಆಗಮ, ಲಘು, ಅಸಂದೇಹ. ಮೊದಲಿನವುಗಳಲ್ಲಿ ಕೆಲವು ವೇದಾಧ್ಯಯನಕ್ಕೆ ಸಂಬಂಧಿಸಿದವು. ಕೊನೆಯದಾದ ಅಸಂದೇಹ, ಎಂದರೆ ಕೇಳುವವನ ಮನಸ್ಸಿನಲ್ಲಿ ಸಂಶಯ ಉಳಿಯದಂತೆ ಮಾಡುವುದು, ಎಲ್ಲ ಕಾಲಕ್ಕೂ ಎಲ್ಲ ಭಾಷೆಗೂ ಸಲ್ಲುವಂತಹದು. ಅದೇ ಪತಂಜಲಿ ಇನ್ನೊಂದು ಮಾತನ್ನೂ ಸೂಚಿಸುತ್ತಾನೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಗಡಿಗೆ ಮಾಡಿಕೊಡೆಂದು ಕೇಳುತ್ತಾನೆ. ಆದರೆ ಮಾತು ಬೇಕಾದವನು ವೈಯಾಕರಣನ ಮನೆಗೆ ಹೋಗಿ ಶಬ್ದ ಮಾಡಿಕೊಡೆಂದು ಕೇಳುವುದಿಲ್ಲ. ಶಬ್ದ ಮೊದಲೇ ಲೋಕದಲ್ಲಿದೆ, ಶಾಸ್ತ್ರ ಅದರ ಹಿಂದೆ ಬರುತ್ತದೆ ಎಂಬುದು ಇದರ ತಾತ್ಪರ್ಯ.

ಮಹಾಭಾಷ್ಯದಲ್ಲಿಯೇ ಒಂದು ಚಿಕ್ಕ ಸಂವಾದವುಂಟು. ಒಬ್ಬ ವೈಯಾಕರಣನು ರಥವನ್ನು ನಡೆಸುವವನು ಯಾರೆಂದು ಸಾರಥಿಯನ್ನು ಕೇಳುತ್ತಾನೆ. ಅದಕ್ಕೆ ಅವನು ಬಳಸಿದ ಪದ ‘ಪ್ರವೇತಾ’. ಸಾರಥಿಯು ‘ಪ್ರಾಜಿತಾ’ ಎಂಬ ಬೇರೆ ಪದದಿಂದ ಉತ್ತರ ಕೊಡುತ್ತಾನೆ. ಅದು ಅಪಶಬ್ದವೆಂದು ಪಂಡಿತನು ತಿದ್ದಹೋದಾಗ, ಸಾರಥಿಯು ತಿರುಗಿ ಅವನನ್ನೇ ತಿದ್ದುತ್ತಾನೆ. ಸೂತ್ರದಿಂದ ಏನು ಒದಗುತ್ತದೆಂಬುದು ಮಾತ್ರ ನಿಮಗೆ ಗೊತ್ತು, ಬಳಕೆಗೆ ಯಾವುದು ಇಷ್ಟವೆಂಬುದು ಗೊತ್ತಿಲ್ಲ ಎಂಬುದು ಅವನ ಮಾತಿನ ಸಾರ. ಮಹಾವೈಯಾಕರಣನೊಬ್ಬನು ತನ್ನ ಗ್ರಂಥದಲ್ಲಿ ಪಂಡಿತನ ಸೋಲನ್ನೂ ರಥ ಹೊಡೆಯುವವನ ಗೆಲುವನ್ನೂ ಬರೆದಿಟ್ಟುದು ಅಧ್ಯಾಪಕರಾದವರು ನೆನಪಿನಲ್ಲಿಡತಕ್ಕ ವಿಷಯ.

ಈಗ ನಮ್ಮ ನಾಡಿಗೆ ಬರೋಣ. ಕ್ರಿ.ಶ. ೮೫೦ರ ಸುಮಾರಿಗೆ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಗಳನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಉದಗೀರ, ನಿಲಂಗಾ, ಉಮರ್ಗಾಗಳು ಗೋದಾವರಿಯ ತೆಂಕಣ ದಿಕ್ಕಿನಲ್ಲಿರುವುದರಿಂದ ಆ ಎಲ್ಲೆಯ ಒಳಗೇ ಸೇರುತ್ತವೆ. ಆ ಗ್ರಂಥಕ್ಕೆ ಆಶ್ರಯದಾತನಾದ ರಾಷ್ಟ್ರಕೂಟ ನೃಪತುಂಗನು (೮೧೪–೮೭೮) ಮಾನ್ಯಖೇಟದಿಂದ ಆಳಿದನು. ಆ ಮನೆತನದವರು ಧರಿಸುತ್ತಿದ್ದ ‘ಲಟ್ಟಲೂರಪುರವರಾಧೀಶ್ವರ’ ಎಂಬ ಬಿರುದಿನ ಲಟ್ಟಲೂರು ಇಂದಿನ ಲಾತೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಲಾತೂರ, ಧಾರಾಶಿವ, ನಾಂದೇಡ ಜಿಲ್ಲೆಗಳಲ್ಲಿ ಅನೇಕ ದೊರೆತಿವೆ. ಆದುದರಿಂದ ಇಲ್ಲಿಯ ಕನ್ನಡವನ್ನು ಎಲ್ಲಿಂದಲೋ ಬಂದು ಸೇರಿದ ಅಂಚಿನ ಮಾತೆಂದು ತಿಳಿಯಲು ಚರಿತ್ರೆಯಲ್ಲಿ ಆಧಾರವಿಲ್ಲ.

ಇಂತಹ ವಿಸ್ತಾರವಾದ ನಾಡಿನ ಮಾತುಗಳನ್ನು ಕಂಡು ಕವಿರಾಜಮಾರ್ಗಕಾರನು ಏನು ಮಾಡಿದನು? ಆತನು ಲಾಕ್ಷಣಿಕನೇ ಸರಿ. ಗುಣದೋಷಗಳನ್ನು ವಿಂಗಡಿಸುವುದಕ್ಕೇ ಗ್ರಂಥ ಬರೆದವನು. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಿನ ಕನ್ನಡವನ್ನು ತಿರುಳೆಂದು ಎತ್ತಿಹಿಡಿದವನು. ಹಾಗಿದ್ದರೂ ಕನ್ನಡಗಳು ಹಲವಿವೆ, ಅವುಗಳ ದೋಷಗಳನ್ನು ಇಷ್ಟೇ ಎಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂದು ಒಪ್ಪಿಕೊಂಡಿದ್ದಾನೆ. ಕನ್ನಡ ಮತ್ತು ಸಂಸ್ಕೃತ ಪದಗಳನ್ನು ಹೊಂದಿಕೆಯಿಲ್ಲದೆ ಬೆರಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಎಚ್ಚರಿಸಿದ್ದಾನೆ. ಆತನ ಅಸಮಾಧಾನವಿದ್ದುದು ವಿದ್ಯೆಯ ಹಮ್ಮಿನಿಂದ ಮಾತನ್ನು ಕೆಡಿಸುವವರ ಮೇಲೆ. ಓದು ಬರೆಹ ಬಾರದ ಜನರ ಮಾತನ್ನು ಕುರಿತು ಆತನಲ್ಲಿ ಮೆಚ್ಚುಗೆಯೇ ಇದೆ. ಶಾಸ್ತ್ರ ಓದದೆಯೂ ಕಾವ್ಯದಲ್ಲಿ ಜಾಣರಾದವರು ಈ ನಾಡಿನವರೆಂದು ಹೊಗಳಿದ್ದಾನೆ.

ಮುಂದಿನ ಘಟ್ಟ ಕಲ್ಯಾಣದಲ್ಲಿ ನಡೆದುದು. ಇಂದು ಬಸವಕಲ್ಯಾಣವೆನಿಸಿರುವ ಆ ಪಟ್ಟಣ ಉಮರ್ಗಾ, ನಿಲಂಗಾಗಳಿಗೆ ನೆರೆಯೇ. ಅಲ್ಲಿಯ ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲನ ಕಾಲದಲ್ಲಿ, ಎಂದರೆ ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ, ಎರಡನೆಯ ನಾಗವರ್ಮನು ಕಟಕೋಪಾಧ್ಯಾಯನಾಗಿದ್ದನೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆತನ ‘ಕಾವ್ಯಾವಲೋಕನ’ದ ಮೊದಲ ಭಾಗವಾದ ‘ಶಬ್ದಸ್ಮೃತಿ’ಯು ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಕನ್ನಡ ವ್ಯಾಕರಣ. ಆತನೇ ‘ಕರ್ಣಾಟಕ ಭಾಷಾಭೂಷಣ’ವೆಂಬ ಇನ್ನೊಂದು ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಕನ್ನಡಕ್ಕೂ ನಿಯಮವುಂಟೆಂದು ಸಂಸ್ಕೃತ ಬಲ್ಲವರಿಗೆ ಅವರ ಭಾಷೆಯಲ್ಲಿಯೇ ತೋರಿಸಿದುದು ಆತನ ಸಾಧನೆ.

ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಬಿಜ್ಜಳನ ಆಳ್ವಿಕೆಯ ವರ್ಷಗಳಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ವಚನಗಳನ್ನು ನುಡಿದರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳನ್ನು ನೋಡಿದರೆ ಸಾಕು, ಕಾಯಕದಿಂದ ಬದುಕಿದವರ ಮಾತು ಸಾಹಿತ್ಯವಾದುದು ಅರಿವಿಗೆ ಬರುತ್ತದೆ. ತಾಳ, ಮಾನ, ಗಣಗಳ ನಿಯಮವನ್ನು ತಾನರಿಯೆನೆಂದು ಹೇಳಿಕೊಂಡ ವಚನವೂ ಬಸವಣ್ಣನವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಹಾಗಾದರೆ ಅರಮನೆಯ ವ್ಯಾಕರಣವನ್ನು ಬೀದಿಯ ಮಾತು ಸೋಲಿಸಿತೆಂದು ಹೇಳಬಹುದೇ? ನಮ್ಮ ಅಲ್ಪಮತಿಗೆ ಹಾಗೆ ತೋರುವುದಿಲ್ಲ. ವಚನಕಾರರು ಬಿಟ್ಟುದು ಛಂದಸ್ಸನ್ನೂ ಮಾರ್ಗದ ಅಲಂಕಾರವನ್ನೂ, ವ್ಯಾಕರಣವನ್ನಲ್ಲ. ಯಾವ ವಚನವನ್ನು ಬೇಕಾದರೂ ತೆಗೆದುಕೊಂಡು ನೋಡಬಹುದು: ಯಾರು ಯಾರಿಗೆ ಏನು ಮಾಡಿದರೆಂಬುದರಲ್ಲಿ ಸಂದೇಹ ಉಳಿಯದು. ವಿಭಕ್ತಿಗಳು ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ, ಕ್ರಿಯಾಪದ ಕರ್ತೃವಿಗೆ ಹೊಂದಿಕೊಂಡಿರುತ್ತದೆ. ನಾಗವರ್ಮನು ಸೂತ್ರದಲ್ಲಿ ಹೇಳಿದುದನ್ನು ಅಂಬಿಗರ ಚೌಡಯ್ಯನು ಸೂತ್ರವಿಲ್ಲದೆ ಆಚರಿಸುತ್ತಿದ್ದನು; ಏಕೆಂದರೆ ಅದನ್ನು ಅವನಿಗೆ ಕಲಿಸಿದವಳು ತಾಯಿ.

ಇಷ್ಟೇ ಅಲ್ಲ. ಮೇಲೆ ಹೇಳಿದ ಏಕವಚನ ಬಹುವಚನಗಳ ವಿಚಾರದಲ್ಲಿ ಶರಣರು ಪಂಡಿತರಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದರು. ಒಬ್ಬನನ್ನು ಗೌರವದಿಂದ ಕರೆಯುವುದೇ ಸ್ವರ್ಗ, ತುಚ್ಛವಾಗಿ ಕರೆಯುವುದೇ ನರಕ ಎಂಬ ಭಾವದ ವಚನ ಎಲ್ಲರಿಗೂ ಪರಿಚಿತವಾದುದು. ಮನೆಗೆ ಬಂದವರನ್ನು ಕ್ಷೇಮ ಕೇಳದೆ, ಕುಳ್ಳಿರೆನ್ನದೆ ಇರುವ ಒರಟುತನವನ್ನು ಖಂಡಿಸಿದ ವಚನವೂ ಉಂಟು. ಕೀಳೆಂದು ಎಣಿಸಲಾದ ಕುಲಗಳಲ್ಲಿ ಹುಟ್ಟಿದವರನ್ನು ‘ಅಯ್ಯ’, ‘ಅಪ್ಪ’, ‘ಅಣ್ಣ’ ಎಂದು ಕರೆದುದು ಆ ಕಾಲದಲ್ಲಿ ಸಾಮಾನ್ಯವಾದ ಸಂಗತಿಯಲ್ಲ. ಅದು ಮಾತಿನ ರೂಪದಲ್ಲಿ ಮಾಡಿದ ಸಾಮಾಜಿಕ ಕ್ರಾಂತಿ. ಇದನ್ನು ವ್ಯಾಕರಣವೆನ್ನಬೇಕೋ ನೀತಿಯೆನ್ನಬೇಕೋ ಎಂದು ಬೇರ್ಪಡಿಸುವುದೇ ಕಷ್ಟ.

ಕಲ್ಯಾಣದ ತರುವಾಯ ಸುಮಾರು ನೂರು ವರ್ಷಕ್ಕೆ, ೧೨೬೦ರ ಸುಮಾರಿನಲ್ಲಿ, ಹೊಯ್ಸಳರ ನಾಡಿನಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದನು. ಈತನು ‘ಸೂಕ್ತಿಸುಧಾರ್ಣವ’ದ ಮಲ್ಲಿಕಾರ್ಜುನನ ಮಗ, ಜನ್ನ ಕವಿಯ ಸೋದರಳಿಯ. ಈತನ ಗ್ರಂಥದಲ್ಲಿ ಗಮನಿಸಬೇಕಾದ ಒಂದು ಪ್ರಸಂಗವಿದೆ. ಹಳಗನ್ನಡದಲ್ಲಿ ‘ಳ’ಕಾರವಲ್ಲದೆ ‘ೞ’ ಎಂಬ ಬೇರೆ ಅಕ್ಷರವಿತ್ತು. ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಬದುಕು. ಕೇಶಿರಾಜನ ಕಾಲಕ್ಕೆ ಜನರ ನಾಲಗೆಯಲ್ಲಿ ಈ ಭೇದ ಅಳಿಯತೊಡಗಿತ್ತು. ಆದುದರಿಂದ ಯಾವ ಯಾವ ಶಬ್ದಗಳಲ್ಲಿ ‘ೞ’ ಬರುತ್ತದೆಂದು ಆತನು ಪಟ್ಟಿ ಮಾಡಿಯೇ ಕೊಡಬೇಕಾಯಿತು. ಪಟ್ಟಿ ಉಳಿಯಿತು, ಅಕ್ಷರ ಉಳಿಯಲಿಲ್ಲ. ಇಂದು ಬಾಳು ಎಂದರೆ ಬದುಕೊಂದೇ. ಕತ್ತಿಗೆ ನಾವು ಬೇರೆ ಹೆಸರು ಹೇಳುತ್ತೇವೆ. ಹೀಗೆಯೇ ಪಾಲು ಹಾಲಾಯಿತು, ಪೂವು ಹೂವಾಯಿತು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಬದಲಾಗುವ ನಾಲಗೆಯನ್ನು ತಡೆದು ನಿಲ್ಲಿಸುವ ಶಕ್ತಿ ಯಾವ ವೈಯಾಕರಣನಿಗೂ ಇಲ್ಲ ಎಂಬುದು ಒಂದು. ಕೇಶಿರಾಜನು ಆ ಪಟ್ಟಿಯನ್ನು ಬರೆದಿಡದಿದ್ದರೆ ಪಂಪ ರನ್ನರ ಎಷ್ಟೋ ಪದಗಳ ಅರ್ಥ ನಮಗೆ ತೊಡಕಾಗಿ ಉಳಿಯುತ್ತಿತ್ತು ಎಂಬುದು ಇನ್ನೊಂದು. ವ್ಯಾಕರಣದ ಉಪಕಾರ ಅದನ್ನು ಬರೆದ ಕಾಲದವರಿಗಿಂತ, ದೂರದಲ್ಲಿ ಇರುವವರಿಗೂ ಮುಂದೆ ಬರುವವರಿಗೂ ಹೆಚ್ಚಾಗಿ ಸಲ್ಲುತ್ತದೆ. ಎದುರಿಗೆ ಇಲ್ಲದವನಿಗೆ ತೋರುವ ಮರ್ಯಾದೆಯೇ ಬರೆಹದ ವ್ಯಾಕರಣ ಎಂದು ನಾವು ಹೇಳುವುದು ಈ ಕಾರಣದಿಂದ.

೧೬೦೪ರಲ್ಲಿ ಭಟ್ಟಾಕಳಂಕನು ‘ಕರ್ಣಾಟಕ ಶಬ್ದಾನುಶಾಸನ’ವನ್ನು ೫೯೨ ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ದೇಶಭಾಷೆಗೆ ಶಾಸ್ತ್ರವೇಕೆಂದು ಕೇಳುವವರಿಗೆ ಆತನು ತನ್ನ ವ್ಯಾಖ್ಯಾನದಲ್ಲಿ ಉತ್ತರ ಕೊಟ್ಟಿದ್ದಾನೆ. ೧೮೧೭ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾಯಿತು. ೧೮೩೮ರಲ್ಲಿ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ ಹೊರಬಂದಿತು. ೧೮೭೨ರಲ್ಲಿ ಕಿಟ್ಟೆಲರು ಮಂಗಳೂರಿನಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದರು. ಅಚ್ಚುಕೂಟವೂ ಸರಕಾರಿ ಶಾಲೆಯೂ ಬಂದ ಮೇಲೆಯೇ ವ್ಯಾಕರಣವು ಕವಿಗಳ ಕೈಯಿಂದ ಮಕ್ಕಳ ಪಾಟಿಗೆ ಇಳಿಯಿತು. ಅಲ್ಲಿಯವರೆಗೆ ಕಾವ್ಯ ಬರೆಯುವವನು ಅಂಜಬೇಕಾಗಿದ್ದ ‘ತಪ್ಪು’ ಎಂಬ ಮಾತಿಗೆ ಆರು ವರ್ಷದ ಹುಡುಗನೂ ಅಂಜಬೇಕಾದುದು ಈ ಕಾಲದಿಂದ.

ಅಂದಿನ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಮೈಸೂರಿನವನ ಬರೆಹ ಧಾರವಾಡದವನಿಗೆ, ಧಾರವಾಡದವನದು ಬೀದರದವನಿಗೆ ತಿಳಿಯಬೇಕಾದರೆ ಎಲ್ಲರಿಗೂ ಸಮಾನವಾದ ಒಂದು ಬರೆಹದ ಕನ್ನಡ ಬೇಕಾಯಿತು. ೧೯೧೫ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿನ ಮುಂದಿದ್ದ ಕೆಲಸಗಳಲ್ಲಿ ಇದೂ ಒಂದು. ಶಿಷ್ಟ ಕನ್ನಡದ ಹಿಂದೆ ಇದ್ದುದು ಒಬ್ಬರನ್ನೊಬ್ಬರು ಓದಿಕೊಳ್ಳಬೇಕೆಂಬ ಹಂಬಲ ಎಂಬುದನ್ನು ಅದರ ಟೀಕಾಕಾರರೂ ಮರೆಯಬಾರದು.

ಹೈದರಾಬಾದು ಸಂಸ್ಥಾನದಲ್ಲಿ ೧೮೮೪ರಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. ಅದಕ್ಕೂ ಎಷ್ಟೋ ಮೊದಲಿನಿಂದ ಅರ್ಜಿ, ವಸೂಲಿ, ಮಂಜೂರು, ದಾಖಲೆ ಮೊದಲಾದ ಪದಗಳು ಕನ್ನಡದಲ್ಲಿ ನೆಲಸಿದ್ದವು. ಅವು ಬಂದ ಬಗೆಯನ್ನು ನೋಡಿರಿ. ‘ಅರ್ಜಿಯನ್ನು’, ‘ದಾಖಲೆಗೆ’, ‘ವಸೂಲಿಯಿಂದ’ ಎಂದು ನಮ್ಮ ವಿಭಕ್ತಿಗಳನ್ನು ತೊಟ್ಟುಕೊಂಡೇ ಅವು ನಮ್ಮ ಮನೆಯವಾದವು. ಪದಗಳು ಅತಿಥಿಗಳಾದರೆ ವ್ಯಾಕರಣ ಮನೆಯ ಜಂತಿ ತೊಲೆಗಳಿದ್ದಂತೆ. ಅತಿಥಿಗಳು ಎಷ್ಟು ಮಂದಿ ಬಂದರೂ ಮನೆ ನಮ್ಮದೇ ಆಗಿರುತ್ತದೆ.

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗಂಡಿತು. ೧೯೫೬ರ ನವೆಂಬರ ೧ರಂದು ಬೀದರ ಜಿಲ್ಲೆಯು ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೂ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿದವು. ೧೯೮೨ರಲ್ಲಿ ಲಾತೂರ ಜಿಲ್ಲೆ ಬೇರೆಯಾಯಿತು. ಒಮ್ಮೆ ಉದಗೀರ ತಾಲೂಕಿಗೆ ಸೇರಿದ್ದ ಜಳಕೋಟ ಇಂದು ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಎಲ್ಲೆಗಳು ನಕಾಶೆಯಲ್ಲಿ ಒಂದೇ ದಿನದಲ್ಲಿ ಬದಲಾದವು. ನಾಲಗೆಗೆ ಅಂತಹ ಅವಸರವಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗೆಳೆಯರ ನಡುವೆ ದಖನಿ ಎಂದು ಬದುಕುವವರ ವ್ಯಾಕರಣ ಒಂದೇ ಗ್ರಂಥದಲ್ಲಿ ಅಡಗುವಂತಹದಲ್ಲ.

ಗಡಿಯ ಈ ನುಡಿಸಂಗಮವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು. ಅವರು ಆರಿಸಿಕೊಂಡುದು ಮರಾಠವಾಡದ ಊರನ್ನಲ್ಲ, ಇದೇ ಗಡಿಯುದ್ದಕ್ಕೂ ಪಶ್ಚಿಮಕ್ಕೆ ಹೋದರೆ ಸಿಗುವ ಸಾಂಗಲಿ ಜಿಲ್ಲೆಯ ಕುಪವಾಡವನ್ನು. ೧೯೭೧ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಇತರರು ಮರಾಠಿಯನ್ನು, ಕೆಲವರು ತೆಲುಗನ್ನು ತಲೆತಲಾಂತರದಿಂದ ಆಡುತ್ತ ಬಂದಿದ್ದರು. ಯಾರೂ ತಮ್ಮ ಮನೆಮಾತನ್ನು ಬಿಟ್ಟಿರಲಿಲ್ಲ. ಆದರೆ ನೂರಾರು ವರ್ಷ ಒಂದೇ ಊರಿನಲ್ಲಿ ಕೊಡುಕೊಳ್ಳುತ್ತ ಬಾಳಿದುದರ ಫಲವಾಗಿ ಆ ಭಾಷೆಗಳ ವಾಕ್ಯರಚನೆ ಒಂದೇ ಎರಕಕ್ಕೆ ಬಂದಿತ್ತು. ಪದಗಳು ಮಾತ್ರ ಬೇರೆ ಬೇರೆಯಾಗಿ ಉಳಿದಿದ್ದವು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪುಸ್ತಕದ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂದರೆ ವಾಕ್ಯ ಪೂರ್ಣವಾಯಿತು, ಕ್ರಿಯಾಪದ ಬೇಕಿಲ್ಲ. ಮರಾಠಿಯಲ್ಲಿ ‘ಹೇ ತುಮಚೇ ಘರ ಆಹೇ’ ಎಂದು ಕೊನೆಗೆ ಕ್ರಿಯಾಪದ ಬರಬೇಕು. ಗಡಿಯ ಕನ್ನಡಿಗನು ‘ಇದು ನಿಮ್ಮ ಮನಿ ಐತಿ’ ಎನ್ನುತ್ತಾನೆ. ಇದು ಮರಾಠಿಯಿಂದ ಕನ್ನಡಕ್ಕೆ ಬಂದ ಕೊಡುಗೆ. ಇದಕ್ಕೆ ಪ್ರತಿಯಾಗಿ ಕನ್ನಡವೂ ಕೊಟ್ಟಿದೆ. ಶಿಷ್ಟ ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಕುಪವಾಡದ ಮರಾಠಿಯಲ್ಲಿ ಕನ್ನಡದಂತೆಯೇ ಮನುಷ್ಯರಲ್ಲದ ವಸ್ತುಗಳೆಲ್ಲ ನಪುಂಸಕವಾಗಿ, ನದಿ ಬಂದಿತೆನ್ನುವಲ್ಲಿ ಕ್ರಿಯಾಪದವೂ ನಪುಂಸಕವನ್ನೇ ಅನುಸರಿಸುತ್ತಿತ್ತು. ಎರಡೂ ಕಡೆಯ ಶಾಲಾಮಾಸ್ತರರು ಈ ಎರಡನ್ನೂ ತಪ್ಪೆಂದೇ ಗುರುತು ಹಾಕುವರು. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅವು ನೆರೆಹೊರೆಯವರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟ ಗುರುತುಗಳು.

ಹಾಗಾದರೆ ವ್ಯಾಕರಣ ಕಲಿಸುವುದನ್ನೇ ಬಿಟ್ಟುಬಿಡೋಣವೇ? ಬಾಯಿಗೆ ಬಂದಂತೆ ಬರೆದರೆ ಸಾಕೆ? ಸಾಲದು. ಮಾತಿಗೆ ಮುಖವುಂಟು, ಕೈಸನ್ನೆಯುಂಟು, ತಿಳಿಯದಿದ್ದರೆ ಮರಳಿ ಕೇಳುವ ಅವಕಾಶವುಂಟು. ಬರೆಹಕ್ಕೆ ಇವು ಯಾವುವೂ ಇಲ್ಲ. ‘ರಾಮಪ್ಪ ಭೀಮಪ್ಪಗೆ ನೂರು ರೂಪಾಯಿ ಕೊಡತಕ್ಕದ್ದು’ ಎಂಬ ಚೀಟಿಯಲ್ಲಿ ಒಂದು ‘ಗೆ’ಕಾರ ಸ್ಥಳ ಬದಲಿಸಿದರೆ ಸಾಲಗಾರನು ಸಾಹುಕಾರನಾಗುತ್ತಾನೆ. ‘ಅಲ್ಲ’ ಮತ್ತು ‘ಇಲ್ಲ’ಗಳ ಭೇದವನ್ನು ನೋಡಿರಿ. ಆಡುಮಾತಿನ ಮರಾಠಿಯಲ್ಲಿ ಬಹುಮಟ್ಟಿಗೆ ‘ನಾಹೀ’ ಎಂಬ ಒಂದೇ ಪದ ಎರಡೂ ಕೆಲಸ ಮಾಡುವುದರಿಂದ ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳಿಗೆ ಇಲ್ಲಿ ತೊಡಕಾಗುವುದು ಸಹಜ. ಆದರೆ ಕನ್ನಡದಲ್ಲಿ ‘ಅವನು ನಮ್ಮ ಹುಡುಗ ಅಲ್ಲ’ ಎಂದರೆ ಸಂಬಂಧವನ್ನು ನಿರಾಕರಿಸಿದಂತೆ. ‘ನಮ್ಮ ಹುಡುಗ ಇಲ್ಲ’ ಎಂದರೆ ಅವನು ಮನೆಯಲ್ಲಿಲ್ಲವೆಂದು, ಅಥವಾ ಈ ಲೋಕದಲ್ಲಿಯೇ ಇಲ್ಲವೆಂದು. ದೂರದ ಊರಿನಲ್ಲಿ ಇಂತಹ ಒಂದು ಸಾಲನ್ನು ಓದುವ ಅಣ್ಣನೋ ಅಕ್ಕನೋ ಎದೆ ಒಡೆದುಕೊಳ್ಳಬೇಕೋ ಬೇಡವೋ ಎಂಬುದು ಒಂದು ಸ್ವರದ ಮೇಲೆ ನಿಂತಿದೆ. ಪತಂಜಲಿ ಹೇಳಿದ ಅಸಂದೇಹವೆಂಬ ಪ್ರಯೋಜನ ಇಲ್ಲಿ ಶಾಸ್ತ್ರದ ಮಾತಾಗಿ ಉಳಿಯದೆ ಮನೆಯ ಮಾತಾಗುತ್ತದೆ.

ಪ್ರತಿ ಭಾಷೆಗೂ ತನ್ನದೇ ಆದ ಸೌಜನ್ಯದ ದಾರಿಯುಂಟು. ಮರಾಠಿಯಲ್ಲಿ ‘ಆಪಣ’ ಎಂದರೆ ಕೇಳುವವನೂ ಸೇರಿದ ನಾವು. ‘ಆಮ್ಹೀ’ ಎಂದರೆ ಅವನನ್ನು ಬಿಟ್ಟ ನಾವು. ಕನ್ನಡದ ‘ನಾವು’ ಈ ಭೇದವನ್ನು ಮಾಡದು. ಆದರೆ ‘ನಾವು ಜಾತ್ರೆಗೆ ಹೋಗುತ್ತೇವೆ’ ಎಂಬುದಕ್ಕೂ ‘ನಾವು ಜಾತ್ರೆಗೆ ಹೋಗೋಣ’ ಎಂಬುದಕ್ಕೂ ಇರುವ ಅಂತರವನ್ನು ಯಾವ ಕನ್ನಡಿಗನೂ ಬಲ್ಲ. ಎರಡನೆಯದು ಕರೆಯೋಲೆ. ಮರಾಠಿಯು ಸರ್ವನಾಮದಲ್ಲಿ ತೋರುವ ಸ್ನೇಹವನ್ನು ಕನ್ನಡವು ಕ್ರಿಯಾಪದದಲ್ಲಿ ತೋರುತ್ತದೆ. ಎರಡೂ ಬಲ್ಲ ಗಡಿಯ ಮಗು ಇಂತಹ ಸೂಕ್ಷ್ಮಗಳಲ್ಲಿ ಬಡವನಲ್ಲ, ಶ್ರೀ�ಮಂತ.

ಹಾಗೆಯೇ ನಮ್ಮ ಕಡೆಯ ‘ರಿ’ಕಾರವನ್ನು ಗಮನಿಸಬೇಕು. ‘ಬರ್ರಿ’, ‘ಕುಂಡ್ರಿ’, ‘ಹೌದ್ರಿ’, ‘ಇಲ್ರಿ’ ಎಂದು ಮಾತುಮಾತಿಗೂ ಬರುವ ಈ ಪ್ರತ್ಯಯ ‘ಬನ್ನಿರಿ’, ‘ಕುಳ್ಳಿರಿ’ಗಳಲ್ಲಿರುವ ಬಹುವಚನದ್ದೇ. ವಿಧ್ಯರ್ಥದ ಬಹುವಚನವೆಂಬ ಹೆಸರನ್ನು ಕೇಳದ ಮುದುಕಿಯೂ ಅದನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬುದರಲ್ಲಿ ತಪ್ಪುವುದಿಲ್ಲ. ಊರ ಹಿರಿಯರಿಗೆ ‘ಬರ್ರಿ ಕಾಕಾ’ ಎನ್ನುತ್ತಾಳೆ. ಮೊಮ್ಮಗನಿಗೆ ‘ಬಾರಪ್ಪಾ’ ಎನ್ನುತ್ತಾಳೆ. ದೇವರಿಗೆ ‘ನೀ ಕಾಯಬೇಕು’ ಎನ್ನುತ್ತಾಳೆ. ದೇವರಿಗೂ ತಾಯಿಗೂ ಏಕವಚನ ಸಲ್ಲುವುದು ಅಗೌರವದಿಂದಲ್ಲ, ಸಲಿಗೆಯಿಂದ. ‘ಅವ್ವಾ, ನೀ ಹೆಂಗಿದ್ದಿ?’ ಎಂದು ಮಗ ಬರೆದ ಕಾಗದವನ್ನು ‘ಮಾತೃಶ್ರೀಯವರೇ, ತಾವು ಹೇಗಿರುವಿರಿ?’ ಎಂದು ತಿದ್ದಿಸಿದರೆ ವ್ಯಾಕರಣ ಶುದ್ಧವಾಗಬಹುದು; ಓದಿಸಿಕೊಂಡ ತಾಯಿಗೆ ಮಗ ದೂರವಾದಂತೆ ತೋರಬಹುದು. ಸರಕಾರಿ ಅರ್ಜಿಗೆ ‘ತಾವು’ ಒಪ್ಪುವಂತೆ ತಾಯಿಯ ಕಾಗದಕ್ಕೆ ‘ನೀ’ ಒಪ್ಪುತ್ತದೆ. ಎಲ್ಲಿ ಯಾವುದು ಒಪ್ಪುತ್ತದೆಂದು ಅರಿಯುವುದೂ ವ್ಯಾಕರಣವೇ, ಬಹುಶಃ ಅದರ ಅತಿ ಮುಖ್ಯವಾದ ಅಧ್ಯಾಯ.

ಶಾಲೆಯ ವ್ಯಾಕರಣವೂ ಪರಿಶೀಲನೆಗೆ ಹೊರತಲ್ಲವೆಂಬುದನ್ನು ಇಲ್ಲಿ ಹೇಳಬೇಕು. ನಾವು ಬಾಯಿಪಾಠ ಮಾಡಿಸುವ ಪಂಚಮೀ ವಿಭಕ್ತಿಯ ‘ದೆಸೆಯಿಂದ’ ಎಂಬ ಪ್ರತ್ಯಯವನ್ನು ದಿನದ ಮಾತಿನಲ್ಲಿ ಬಳಸುವವರು ಯಾರು? ಮರದಿಂದ ಹಣ್ಣು ಬಿದ್ದಿತು ಎನ್ನುತ್ತೇವೆ; ಮರದ ದೆಸೆಯಿಂದ ಎನ್ನುವುದಿಲ್ಲ. ಸಂಸ್ಕೃತದ ಎಣಿಕೆಯನ್ನು ತುಂಬುವುದಕ್ಕಾಗಿ ಉಳಿದುಕೊಂಡು ಬಂದ ಇಂತಹ ಅಂಶಗಳನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (೨೦೦೦) ಎಂಬ ಗ್ರಂಥದಲ್ಲಿ ಪ್ರಶ್ನಿಸಿದ್ದಾರೆ. ಅವರ ಎಲ್ಲ ನಿರ್ಣಯಗಳನ್ನು ಒಪ್ಪದವರೂ ಒಂದನ್ನು ಒಪ್ಪಬೇಕಾಗುತ್ತದೆ: ಮಗುವಿನ ಮಾತನ್ನು ತಿದ್ದುವ ಮುನ್ನ ನಮ್ಮ ಕೈಯಲ್ಲಿರುವ ಅಳತೆಗೋಲು ನೆಟ್ಟಗಿದೆಯೇ ಎಂದು ನೋಡಿಕೊಳ್ಳಬೇಕು.

ಈ ಚರ್ಚೆ ಪಂಡಿತರ ವಿನೋದಕ್ಕಾಗಿ ಮಾಡಿದುದಲ್ಲ. ಕರ್ನಾಟಕದ ನಡುವೆ ಇರುವ ಶಾಲೆಯಲ್ಲಿ ಒಬ್ಬ ಹುಡುಗನ ‘ಮನಿ’ಯನ್ನು ‘ಮನೆ’ ಎಂದು ನಗುತ್ತ ತಿದ್ದಿದರೆ ಅವನು ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಸುಮ್ಮನಾದಾನು. ಬೀದಿಗೆ ಬಂದರೆ ಅವನ ಸುತ್ತಲೂ ಕನ್ನಡವೇ ಇದೆ. ಗಡಿಯ ಹುಡುಗನಿಗೆ ಹಾಗಲ್ಲ. ಅವನ ಮುಂದೆ ಮರಾಠಿ ಶಾಲೆಯ ಬಾಗಿಲು ತೆರೆದಿದೆ, ಇಂಗ್ಲಿಷ್ ಶಾಲೆಯ ಬಾಗಿಲೂ ತೆರೆದಿದೆ. ನಿನ್ನ ಅವ್ವ ಆಡುವ ಕನ್ನಡ ಅಶುದ್ಧವೆಂದು ಅವನಿಗೆ ನಾಲ್ಕು ಸಲ ಹೇಳಿದರೆ, ಅವನು ಬಿಡುವುದು ಆ ತಪ್ಪನ್ನಲ್ಲ, ಕನ್ನಡವನ್ನೇ. ಒಂದು ಮಗು ಹೋದರೆ ಮುಂದೆ ಅದರ ಮಕ್ಕಳೂ ಹೋದಂತೆ. ಹೀಗೆ ಬರಿದಾದ ತರಗತಿಯಲ್ಲಿ ಶುದ್ಧ ಕನ್ನಡವನ್ನು ಯಾರಿಗೆ ಕಲಿಸೋಣ?

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಅರ್ಥವನ್ನು ಮರೆಮಾಡುವ ತಪ್ಪನ್ನೂ, ಓದುವವರ ಮನಸ್ಸನ್ನು ನೋಯಿಸುವ ತಪ್ಪನ್ನೂ ತಪ್ಪದೆ ತಿದ್ದಿರಿ. ಅದರಲ್ಲಿ ದಾಕ್ಷಿಣ್ಯ ಬೇಡ. ಮನೆಯ ಮಾತಿನ ರೂಪ ಕಂಡಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುವ ಬದಲು, ಅದರ ಪಕ್ಕದಲ್ಲಿ ಪುಸ್ತಕದ ರೂಪವನ್ನು ಬರೆಯಿಸಿರಿ. ‘ಮನಿ’ ನಿಮ್ಮ ಮನೆಯದು, ‘ಮನೆ’ ಮಂಗಳೂರಿನವನಿಗೂ ಮೈಸೂರಿನವನಿಗೂ ತಿಳಿಯಲೆಂದು ಬರೆಯುವುದು ಎಂದು ಕಾರಣವನ್ನು ಹೇಳಿರಿ. ಕಾರಣ ತಿಳಿದ ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ಮರಾಠಿಯ ಛಾಯೆ ಕಂಡಲ್ಲಿ ನಗದೆ, ‘ಮರಾಠಿಯಲ್ಲಿ ಹೀಗೆ, ಕನ್ನಡದಲ್ಲಿ ಹೀಗೆ’ ಎಂದು ಹೋಲಿಸಿ ತೋರಿಸಿರಿ. ಬಿಡಿಸಿ ತೋರಿಸುವುದೇ ವ್ಯಾಕರಣವೆಂಬುದು ಆಗ ನಿಜವಾಗುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮಗೆ ವ್ಯಾಕರಣ ಬಾರದೆಂದು ಅಂಜಬೇಡಿರಿ. ಐದು ವರ್ಷ ತುಂಬುವ ಮೊದಲೇ ಅದರ ಬಹುಭಾಗವನ್ನು ನೀವು ಮನೆಯಲ್ಲಿ ಕಲಿತು ಬಂದಿದ್ದೀರಿ. ಶಾಲೆಯಲ್ಲಿ ಕಲಿಯಬೇಕಾದುದು ಉಳಿದ ಸ್ವಲ್ಪ ಭಾಗ, ಎಂದರೆ ನಿಮ್ಮನ್ನು ಕಾಣದವರಿಗೆ, ನಿಮ್ಮ ಊರನ್ನು ಅರಿಯದವರಿಗೆ ನಿಮ್ಮ ಮನಸ್ಸು ತಿಳಿಯುವಂತೆ ಬರೆಯುವ ಕ್ರಮ. ಬರೆದುದನ್ನು ಕಳುಹಿಸುವ ಮುನ್ನ ಒಮ್ಮೆ ಓದಿ ನೋಡಿರಿ: ಯಾರು, ಯಾರಿಗೆ, ಏನು ಎಂಬುದು ಸ್ಪಷ್ಟವಾಗಿದೆಯೇ? ಕರೆದ ರೀತಿ ಅವರಿಗೆ ಒಪ್ಪುವಂತಿದೆಯೇ? ಅರಮನೆಯ ನಾಗವರ್ಮನೂ ದೋಣಿಯ ಚೌಡಯ್ಯನೂ ಒಂದೇ ಪಟ್ಟಣದ ಕನ್ನಡಕ್ಕೆ ಬೇಕಾದವರಾಗಿದ್ದರು. ಆ ಪಟ್ಟಣ ನಮ್ಮಿಂದ ದೂರವಿಲ್ಲ. ಅವರಿಬ್ಬರ ಕನ್ನಡವೂ ನಮ್ಮ ಮಕ್ಕಳಿಗೆ ದೂರವಾಗದಿರಲಿ.